3 ಹುಲಿ, 15 ಆಡು: ಹಂಪಿಯ ನೆಲದ ಮೇಲಿನ ಗೆರೆಗಳು ಕಲಿಸೋ ಯುದ್ಧನೀತಿ

ಹಂಪಿಗೆ ಹೋದಾಗ ನೀವು ಎಲ್ಲಿ ನೋಡ್ತೀರಿ? ಕಲ್ಲಿನ ರಥ, ಗೋಪುರ, ಸಂಗೀತ ಕಂಬ, ಆಮೇಲೆ ಬೆಟ್ಟದ ಮೇಲಿನ ಸೂರ್ಯಾಸ್ತ. ಎಲ್ಲವೂ ಕಣ್ಣಿನ ಮಟ್ಟದಲ್ಲಿ, ಇಲ್ಲ ಅದಕ್ಕಿಂತ ಮೇಲೆ. ಇವತ್ತಿನ ಸಂಚಿಕೆಯಲ್ಲಿ ನಾವು ಕೆಳಗೆ ನೋಡೋಣ. ನಾವು ಮೆಟ್ಟಿಕೊಂಡು ಹೋಗೋ ನೆಲವನ್ನ ನೋಡೋಣ.

ಹಂಪಿಯ ಮಂಟಪಗಳ ಜಗಲಿ ಮೇಲೆ, ದೇವಸ್ಥಾನದ ಹಾಸುಗಲ್ಲಿನ ಮೇಲೆ, ದಾರಿ ಬದಿಯ ಬಂಡೆ ಮೇಲೆ ಅಲ್ಲಲ್ಲಿ ಗೆರೆಗಳಿವೆ. ಉಳಿ ಹಿಡಿದು ಕೊರೆದ ಗೆರೆಗಳು. ಕೆಲವು ಕಡೆ ಎರಡು ಸಾಲು ಗುಳಿ ಕಾಣುತ್ತೆ, ಅದು ಅಳಗುಳಿ ಮನೆ. ಕೆಲವು ಕಡೆ ಚೌಕದೊಳಗೆ ಚೌಕ. ಇನ್ನು ಕೆಲವು ಕಡೆ ಒಂದು ತ್ರಿಕೋನ, ಅದನ್ನ ಅಡ್ಡ ಕತ್ತರಿಸೋ ಮೂರು ಗೆರೆ. ಈ ತ್ರಿಕೋನವೇ ಇವತ್ತಿನ ನಮ್ಮ ವಿಷಯ. ಅದು ಆಡು-ಹುಲಿ ಆಟದ ಪಟ. ಕೆಲವು ಊರಲ್ಲಿ ಹುಲಿ-ಕುರಿ ಆಟ ಅಂತಲೂ ಅಂತಾರೆ.

ಶಾಸನ ಅಂದ್ರೆ ನಮಗೆ ಗೊತ್ತು. ಯಾವ ರಾಜ, ಯಾವ ವರ್ಷ, ಯಾವ ದೇವರಿಗೆ ಎಷ್ಟು ಭೂಮಿ ಕೊಟ್ಟ, ಎಲ್ಲ ಬರೆದಿರುತ್ತೆ. ಈ ಆಟದ ಗೆರೆಗಳಲ್ಲಿ ಹೆಸರೂ ಇಲ್ಲ, ವರ್ಷವೂ ಇಲ್ಲ. ಹಾಗಂತ ಅವು ಏನೂ ಹೇಳಲ್ಲ ಅನ್ನೋ ಹಾಗಿಲ್ಲ. ಒಂದು ಮಂಟಪ 1515ರಲ್ಲಿ ಕಟ್ಟಿದ್ದು ಅಂತ ಗೊತ್ತಿದ್ದರೆ, ಅದರ ನೆಲದ ಮೇಲಿನ ಪಟ ಹೆಚ್ಚುಕಡಿಮೆ ಅದಾದ ಮೇಲಿನದ್ದೇ. 1565ರಲ್ಲಿ ರಾಜಧಾನಿ ಪಾಳುಬಿದ್ದ ಮೇಲೆ ಕುರಿ ಕಾಯೋರು ಕೊರೆದದ್ದೂ ಆಗಿರಬಹುದು. ಅದೇ ಪಟ ನೆಟ್ಟಗೆ ನಿಂತ ಗೋಡೆ ಕಲ್ಲಿನ ಮೇಲಿದ್ದರೆ ಲೆಕ್ಕ ತಿರುವುಮುರುವಾಗುತ್ತೆ. ಗೋಡೆ ಮೇಲೆ ಕಾಯಿ ನಿಲ್ಲಲ್ಲವಲ್ಲ! ಅಂದ್ರೆ ಗೋಡೆಗೆ ಸೇರೋ ಮೊದಲು ಆ ಕಲ್ಲು ಎಲ್ಲೋ ಮಲಗಿತ್ತು, ಅದರ ಸುತ್ತ ಜನ ಕೂತು ಆಡಿದ್ದರು.

ರಾಜರ ಆಟಗಳಿಗೆ ಪುಸ್ತಕ ಸಿಕ್ಕಿತು. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ ಅರಮನೆಯ ವಿನೋದಗಳನ್ನ ವರ್ಣಿಸಿದ, ಅದರಲ್ಲಿ ಚದುರಂಗ, ಪಗಡೆ ಬರುತ್ತವೆ. 19ನೇ ಶತಮಾನದಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಹೊಸ ಆಟಗಳನ್ನ ರಚಿಸಿದರು. ಆದರೆ ಕಲ್ಲು ಹೊತ್ತವರು, ಕಾವಲು ನಿಂತವರು, ಜಾತ್ರೆಗೆ ಬಂದು ಮಂಟಪದಲ್ಲಿ ಮಲಗಿದವರು, ಇವರ ಬಿಡುವಿನ ಹೊತ್ತನ್ನ ಯಾರು ಬರೆದಿಟ್ಟರು? ಆ ಹೊತ್ತಿನ ಗುರುತು ಅಂತ ಉಳಿದಿರೋದು ಈ ಗೆರೆಗಳು. ಇವನ್ನ ಓದೋಕೆ ಹಳಗನ್ನಡ ಬೇಡ. ಆಟ ಬರಬೇಕು, ಅಷ್ಟೇ. ಆಟ ಬರದವರಿಗೆ ಅದು ಬರೀ ಗೀಚು.

ಹಾಗಾದ್ರೆ ಆಟ ಕಲಿಯೋಣ. ತ್ರಿಕೋನದ ತುದಿಯಿಂದ ನಾಲ್ಕು ಗೆರೆ ಕೆಳಗಿಳಿಯುತ್ತವೆ. ಮೂರು ಅಡ್ಡಗೆರೆ ಅವನ್ನ ದಾಟಿ ಎರಡೂ ಕಡೆ ಹೊರಗೆ ಚಾಚುತ್ತವೆ, ಅವುಗಳ ತುದಿಗಳನ್ನ ಎಡಕ್ಕೊಂದು ಬಲಕ್ಕೊಂದು ಉದ್ದಗೆರೆ ಸೇರಿಸುತ್ತೆ. ಕೆಳಗೆ ತ್ರಿಕೋನದ ತಳಗೆರೆ. ಗೆರೆ ಗೆರೆ ಕೂಡೋ ಜಾಗವೇ ಮನೆ. ಎಣಿಸಿ: ತುದಿಯಲ್ಲಿ 1, ಮೂರು ಅಡ್ಡಸಾಲಿನಲ್ಲಿ ಆರಾರು, ತಳದಲ್ಲಿ 4. ಒಟ್ಟು 23 ಮನೆ.

ಒಬ್ಬರ ಕೈಲಿ 3 ಹುಲಿ, ಇನ್ನೊಬ್ಬರ ಕೈಲಿ 15 ಆಡು. ಹುಲಿಗಳು ಮೊದಲೇ ಮೇಲುಗಡೆ ಕೂತಿರುತ್ತವೆ. ಆಡುಗಳು ಒಂದೊಂದಾಗಿ ಬರುತ್ತವೆ, ಒಂದು ಆಡು ಇಟ್ಟ ಮೇಲೆ ಒಂದು ಹುಲಿ ನಡೆ. 15 ಆಡೂ ಬರೋವರೆಗೆ ಇಟ್ಟ ಆಡು ಕದಲೋ ಹಾಗಿಲ್ಲ. ಪಕ್ಕದ ಮನೆಯಲ್ಲಿ ಆಡಿದ್ದು, ಅದರ ಹಿಂದೆ ಅದೇ ಗೆರೆಯಲ್ಲಿ ಮನೆ ಖಾಲಿ ಇದ್ದರೆ ಹುಲಿ ಹಾರಿ ಆಡನ್ನ ತಿನ್ನುತ್ತೆ. ಆಡಿಗೆ ಹುಲಿಯನ್ನ ಕೊಲ್ಲೋ ಹಕ್ಕೇ ಇಲ್ಲ. ಅದಕ್ಕಿರೋದು ಒಂದೇ ದಾರಿ: ಮೂರೂ ಹುಲಿಗಳು ಎಲ್ಲೂ ಅಲ್ಲಾಡದ ಹಾಗೆ ಕಟ್ಟಿಹಾಕೋದು. ಎಷ್ಟು ಆಡು ತಿಂದ್ರೆ ಹುಲಿ ಗೆದ್ದ ಹಾಗೆ ಅನ್ನೋ ಲೆಕ್ಕ ಊರಿಂದ ಊರಿಗೆ ಬೇರೆ.

ಈ 'ಕಟ್ಟಿಹಾಕೋದು' ಅನ್ನೋ ಮಾತು ಕೇಳಿದಾಗ, ಫೋನಿನಲ್ಲಿ ಗೋ ಆಟ ಆಡೋ ನಿಮ್ಮಲ್ಲಿ ಕೆಲವರ ಕಿವಿ ನೆಟ್ಟಗಾಗಿರಬೇಕು. ಗೋ ಚೀನಾದಲ್ಲಿ ಹುಟ್ಟಿ 2,000 ವರ್ಷಕ್ಕೂ ಮೇಲಾದ ಆಟ. 19 ಗೆರೆ ಉದ್ದ, 19 ಗೆರೆ ಅಡ್ಡ, 361 ಮನೆ. 2016ರ ಮಾರ್ಚ್‌ನಲ್ಲಿ ಆಲ್ಫಾಗೋ ಅನ್ನೋ ಕಂಪ್ಯೂಟರ್ ಪ್ರೋಗ್ರಾಂ ಕೊರಿಯಾದ ಲೀ ಸೆಡಾಲ್ ಅವರನ್ನ 4-1ರಿಂದ ಸೋಲಿಸಿದಾಗ ಇಡೀ ಜಗತ್ತೇ ಈ ಆಟದ ಕಡೆ ತಿರುಗಿ ನೋಡಿತು. ಅದರಲ್ಲೂ ಎದುರಾಳಿಯ ಕಾಯಿಯನ್ನ ಸುತ್ತುವರಿದೇ ಹಿಡಿಯಬೇಕು. ಕಾಯಿಯ ಪಕ್ಕದ ಖಾಲಿ ಮನೆಗಳಿಗೆ ಚೀನೀ ಭಾಷೆಯಲ್ಲಿ 'ಉಸಿರು' ಅಂತಲೇ ಹೆಸರು. ನಡುವೆ ಇರೋ ಒಂಟಿ ಕಾಯಿಗೆ 4 ಉಸಿರು, ಅಂಚಿನಲ್ಲಿ 3, ಮೂಲೆಯಲ್ಲಿ 2. ಉಸಿರು ನಿಂತಿತೋ, ಕಾಯಿ ಹೋಯಿತು. ಗೋ ಬೇರೆ, ಆಡು-ಹುಲಿ ಬೇರೆ. ಆದರೆ ಹೊಸಬರು ಎರಡರಲ್ಲೂ ಕಲಿಯಬೇಕಾದ ಪಾಠಗಳು ಪಕ್ಕಾ ದಾಯಾದಿಗಳು. ಮೂರು ಪಾಠ ನೋಡೋಣ.

ಮೊದಲನೇದು: ಮೂಲೆಯಿಂದ ಶುರು ಮಾಡಿ. ಗೋ ಕಲಿಸೋರು ಹೇಳೋ ಮೊದಲ ಮಾತೇ ಇದು. ಮೊದಲು ಮೂಲೆ, ಆಮೇಲೆ ಅಂಚು, ಕೊನೆಗೆ ನಡು. ಮೂಲೆಯಲ್ಲಿ ಎರಡು ಬದಿ ಆಗಲೇ ಮುಚ್ಚಿರೋದರಿಂದ ಕಡಿಮೆ ಕಾಯಿಯಲ್ಲಿ ಜಾಗ ಹಿಡಿಯಬಹುದು. ಆಡು-ಹುಲಿಯಲ್ಲಿ ಇನ್ನೂ ನೇರ. ಗೆರೆ ಮುಗಿಯೋ ಮನೆಯಲ್ಲಿ ಕೂತ ಆಡಿನ ಮೇಲೆ ಹಾರೋಕೆ ಆಗಲ್ಲ, ಯಾಕಂದ್ರೆ ಆ ಕಡೆ ಇಳಿಯೋಕೆ ಮನೆಯೇ ಇಲ್ಲ. ಪಟ ನೋಡಿ: ಹೊರ ಆಯತದ ನಾಲ್ಕು ಮೂಲೆ, ತಳಗೆರೆಯ ಎರಡು ತುದಿ, ಇಂಥ ಆರು ಮನೆ ಇವೆ. ಹೊಸಬರು ಹುಲಿಯನ್ನ ಹೆದರಿಸೋಕೆ ಅಂತ ಮೊದಲ ಆಡನ್ನೇ ನಡುವೆ ಇಡ್ತಾರೆ. ಅದು ಹುಲಿಗೆ ಊಟ. ಪಳಗಿದವರು ಈ ಆರು ಮನೆಗಳಿಂದ ಶುರು ಮಾಡ್ತಾರೆ.

ಎರಡನೇದು: ಒಂಟಿ ಬಿಡಬೇಡಿ. ಆಡಿನ ಹಿಂದಿನ ಮನೆಯಲ್ಲಿ ಇನ್ನೊಂದು ಆಡಿದ್ದರೆ ಹುಲಿ ಆ ಗೆರೆಯಲ್ಲಿ ಹಾರಲಾರದು. ಎರಡು ಆಡು ಸೇರಿದರೆ ಒಂದು ಗೋಡೆ. ಸಂಡೂರಿನ ಗುಡ್ಡಗಳಲ್ಲಿ, ದರೋಜಿ ಕಡೆಯ ಕುರುಚಲು ಕಾಡಲ್ಲಿ ಇವತ್ತಿಗೂ ಚಿರತೆ ಓಡಾಡುತ್ತೆ. ಅಲ್ಲಿ ಕುರಿ-ಮೇಕೆ ಕಾಯೋರಿಗೆ ಹಿಂಡು ಬಿಟ್ಟ ಮರಿಯ ಗತಿ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಗೋದಲ್ಲೂ ಅಷ್ಟೇ: ಜೋಡಿಸಿದ ಕಾಯಿಗಳು ಉಸಿರು ಹಂಚಿಕೊಳ್ಳುತ್ತವೆ.

ಈ ಪಾಠವನ್ನ ಹಂಪಿಯ ಚರಿತ್ರೆಯ ಮೇಲಿಟ್ಟು ನೋಡಿ. 16ನೇ ಶತಮಾನದ ನಡುವೆ ಅಳಿಯ ರಾಮರಾಯ ದಖನ್ನಿನ ಸುಲ್ತಾನರ ಜಗಳಗಳ ನಡುವೆ ಕಾಯಿ ನಡೆಸಿದ. ಒಮ್ಮೆ ಬಿಜಾಪುರದ ಜೊತೆ ಸೇರಿ ಅಹ್ಮದ್‌ನಗರದ ಮೇಲೆ ಹೋದ, ಮತ್ತೊಮ್ಮೆ ಬೇರೆ ಲೆಕ್ಕ. ಒಬ್ಬರಿಗೊಬ್ಬರು ಆಗದೆ ಒಂಟಿಯಾಗಿ ನಿಂತಿದ್ದಷ್ಟು ದಿನ ಅವನಿಗೆ ಹಾರೋಕೆ ಮನೆ ಸಿಗ್ತಾನೇ ಇತ್ತು. ಕೊನೆಗೆ ಅವರು ಜೋಡಿಯಾದರು. ಅಹ್ಮದ್‌ನಗರದ ಚಾಂದ್ ಬೀಬಿಯನ್ನ ಬಿಜಾಪುರದ ಅಲಿ ಆದಿಲ್ ಶಾಗೆ ಕೊಟ್ಟರು, ಅಲಿಯ ತಂಗಿಯನ್ನ ಅಹ್ಮದ್‌ನಗರಕ್ಕೆ ತಂದರು. ಗೋಲ್ಕೊಂಡ, ಬೀದರ್ ಜೊತೆಗೂಡಿದವು. 1565ರ ಜನವರಿಯಲ್ಲಿ ತಾಳಿಕೋಟೆ ಯುದ್ಧದಲ್ಲಿ ರಾಮರಾಯ ಸತ್ತ, ಕೆಲವೇ ದಿನಗಳಲ್ಲಿ ಹಂಪಿ ಲೂಟಿಯಾಯಿತು. ಯುದ್ಧ ಸೋಲೋಕೆ ಕಾರಣ ಹತ್ತಾರು, ಇತಿಹಾಸಕಾರರು ಇನ್ನೂ ವಾದ ಮಾಡ್ತಿದ್ದಾರೆ. ಆದರೆ ಆಟಕ್ಕೆ ಹೊಸಬರಾದವರು ಇಲ್ಲೊಂದು ಗಮನಿಸಬೇಕು: ಹುಲಿಯ ಬಲ ಅದರ ಕಾಲಲ್ಲಿರೋದಕ್ಕಿಂತ ಆಡುಗಳ ನಡುವಿನ ಸಂದಿಯಲ್ಲಿರುತ್ತೆ.

ಮೂರನೇದು: ಉಸಿರು ಎಣಿಸಿ. ಇದು ಹುಲಿ ಹಿಡಿದವರಿಗೆ ಪಾಠ. 23 ಮನೆಯಲ್ಲಿ 3 ಹುಲಿ, 15 ಆಡು ಕೂತರೆ ಉಳಿಯೋದು 5 ಮನೆ ಮಾತ್ರ. ಒಂದೂ ಆಡು ತಿನ್ನದೆ ಇದ್ದರೆ ಹುಲಿಗಿರೋ ಬಯಲು ಅಷ್ಟೇ. 5 ಆಡು ತಿಂದರೆ ಖಾಲಿ ಮನೆ 10 ಆಗುತ್ತೆ, ಆಗ ಕಟ್ಟೋದು ಕಷ್ಟ. ಅದಕ್ಕೇ ಆಸೆಬುರುಕ ಹುಲಿಗೆ ಜಾಣರು ಒಂದು ಆಡನ್ನ ಬೇಕಂತಲೇ ಬಿಟ್ಟುಕೊಡ್ತಾರೆ. ತಿನ್ನೋಕೆ ಅಂತ ಹಾರಿದ ಹುಲಿ ಮೂಲೆಗೆ ಹೋಗಿ ಬೀಳುತ್ತೆ. ಆಡಿಗೆ ಮೂಲೆ ಕೋಟೆ, ಹುಲಿಗೆ ಅದೇ ಮೂಲೆ ಬೋನು.

ಕೋಟೆ ಬೋನಾಗೋದನ್ನ ನೋಡೋಕೆ ತುಂಗಭದ್ರೆಯ ದಡದ ಕಂಪ್ಲಿಗೆ ಹೋಗಬೇಕು. ವಿಜಯನಗರ ಹುಟ್ಟೋಕೆ ಸ್ವಲ್ಪ ಮುಂಚೆ ಇಲ್ಲಿ ಕಂಪಿಲರಾಯನ ರಾಜ್ಯ ಇತ್ತು, ಜನಪದರ ಕುಮಾರರಾಮ ಈ ಮನೆತನದವನೇ. ದೆಹಲಿ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್‌ನ ವಿರುದ್ಧ ದಂಗೆ ಎದ್ದ ಬಹಾಉದ್ದೀನ್ ಗುರ್ಶಾಸ್ಪ್‌ಗೆ ಕಂಪಿಲರಾಯ ಆಶ್ರಯ ಕೊಟ್ಟ. ದೆಹಲಿ ಸೈನ್ಯ ಬಂತು. ಕಂಪಿಲರಾಯ ಒಂದು ಕೋಟೆಯಿಂದ ಇನ್ನೊಂದಕ್ಕೆ ಹಿಂದೆ ಸರಿದ. ಮುತ್ತಿಗೆ ಬಿಗಿಯಾಯಿತು, ಒಳಗೆ ದವಸ ಮುಗಿಯಿತು. ಆಶ್ರಯ ಬೇಡಿ ಬಂದವನನ್ನ ಹೊಯ್ಸಳ ಬಲ್ಲಾಳನ ಕಡೆ ಸಾಗಹಾಕಿ, ತಾನು ಕಾದಾಡಿ ಸತ್ತ. ಇದು 1327ರ ಹೊತ್ತಿನ ಮಾತು. ಪ್ರವಾಸಿ ಇಬ್ನ್ ಬತೂತ ಈ ಪ್ರಸಂಗವನ್ನ ಬರೆದಿಟ್ಟಿದ್ದಾನೆ. ಶೌರ್ಯಕ್ಕೆ ಕೊರತೆ ಇರಲಿಲ್ಲ. ಹೋಗೋಕೆ ಮನೆ ಉಳಿದಿರಲಿಲ್ಲ.

ಈಗ ಮತ್ತೆ ನೆಲಕ್ಕೆ ಬರೋಣ. ಹಂಪಿ 1986ರಿಂದ ವಿಶ್ವ ಪರಂಪರೆ ತಾಣ. ಗೋಪುರ ಬಿರುಕು ಬಿಟ್ಟರೆ ಸುದ್ದಿಯಾಗುತ್ತೆ. ಮಂಟಪದ ಒಂದು ಹಾಸುಗಲ್ಲು ಸವೆದರೆ, ಮುರಿದು ಬೇರೆ ಕಲ್ಲು ಕೂತರೆ ಯಾರ ಗಮನಕ್ಕೂ ಬರಲ್ಲ. ದಿನಾ ಸಾವಿರಾರು ಪಾದ ಬೀಳೋ ಜಾಗದಲ್ಲಿ ಒಂದು ಇಂಚೂ ಆಳ ಇಲ್ಲದ ಗೆರೆ ಎಷ್ಟು ದಿನ ಇರುತ್ತೆ? ಗುರುತಿಸೋರು ಇಲ್ಲದಿದ್ದರೆ ಅದು ಹೋಗಿದ್ದೂ ಗೊತ್ತಾಗಲ್ಲ.

ನಿಮ್ಮ ಕೈಲಿ ಫೋನ್ ಇದೆ. ಮುಂದಿನ ಸಲ ಹೊಸಪೇಟೆಯಿಂದ ಹಂಪಿ ಬಸ್ ಹತ್ತಿದಾಗ ಬೆಳಗ್ಗೆ ಬೇಗ ಇಳಿಯಿರಿ, ಇಲ್ಲ ಸಂಜೆ ಹೊತ್ತಿಗೆ ಹೋಗಿ. ಬಿಸಿಲು ಓರೆಯಾಗಿ ಬಿದ್ದಾಗ ಸವೆದ ಗೆರೆಯೂ ನೆರಳು ಹಿಡಿದು ಎದ್ದು ಕಾಣುತ್ತೆ. ಮಂಟಪದ ಒಳಗಾದ್ರೆ ಫೋನಿನ ಟಾರ್ಚನ್ನ ನೆಲದ ಮಟ್ಟದಲ್ಲಿ ಅಡ್ಡ ಹಿಡಿಯಿರಿ. ಫೋಟೋದಲ್ಲಿ ಅಳತೆ ತಿಳಿಯೋಕೆ ಪಕ್ಕದಲ್ಲಿ ಒಂದು ಪೆನ್ ಇಡಿ, ಯಾವ ಮಂಟಪ, ಯಾವ ಮೂಲೆ ಅಂತ ಬರೆದುಕೊಳ್ಳಿ. ಗೆರೆ ಕಾಣಲಿ ಅಂತ ಸೀಮೆಸುಣ್ಣ ತೀಡೋದು, ನೀರು ಸುರಿಯೋದು, ಕೆರೆಯೋದು ಬೇಡವೇ ಬೇಡ. ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 1958ರ ಕಾಯ್ದೆ ಪ್ರಕಾರ ಶಿಕ್ಷೆ ಇದೆ. 2010ರ ತಿದ್ದುಪಡಿ ಆದ ಮೇಲೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ.

ಸೀಮೆಸುಣ್ಣ ನಿಮ್ಮ ಮನೆ ಅಂಗಳದಲ್ಲಿ ಬಳಸಿ. 23 ಮನೆ ಬರೆಯಿರಿ, 3 ಕಲ್ಲು, 15 ಹುಣಸೆ ಬೀಜ ತನ್ನಿ. ಮನೇಲಿ ಅಜ್ಜ-ಅಜ್ಜಿ ಇದ್ದರೆ ಎದುರಿಗೆ ಕೂರಿಸಿ, ನಿಮ್ಮೂರಲ್ಲಿ ಎಷ್ಟು ಆಡು ತಿಂದ್ರೆ ಹುಲಿ ಗೆದ್ದ ಹಾಗಿತ್ತು ಅಂತ ಕೇಳಿ. ಆ ನಿಯಮ ಯಾವ ಕಲ್ಲಿನ ಮೇಲೂ ಕೊರೆದಿಲ್ಲ, ಅವರ ನೆನಪಲ್ಲಿ ಮಾತ್ರ ಇದೆ. ರೆಕಾರ್ಡ್ ಮಾಡಿಕೊಳ್ಳೋದನ್ನ ಮರೀಬೇಡಿ. ಮೊದಲ ಆಟದಲ್ಲಿ ನೀವು ಆಡು ಹಿಡಿಯಿರಿ, ಮೂಲೆಯಿಂದ ಶುರು ಮಾಡಿ.