ನೆರೆಮನೆಯ ಋಣ

1993ರ ಜನವರಿಯ ಮುಂಬೈ ಗಲಭೆಯಲ್ಲಿ ನಮ್ಮ ಚಾಳಿನ ಮುಸ್ಲಿಂ ದರ್ಜಿಯ ಕುಟುಂಬ ರಾತ್ರೋರಾತ್ರಿ ಖೋಲಿ ಬಿಟ್ಟು ಹೋಯಿತು. ನಾವು ಬಾಗಿಲು ಹಾಕಿಕೊಂಡಿದ್ದೆವು.

ಅದಕ್ಕೇ ಲಂಡನ್ನಿನ ಕೇಬಲ್ ಸ್ಟ್ರೀಟಿನ ಚರಿತ್ರೆ ನನ್ನನ್ನು ಕಾಡುತ್ತದೆ. 1936ರ ಅಕ್ಟೋಬರ್ 4ರಂದು ಆಸ್ವಾಲ್ಡ್ ಮೋಸ್ಲಿಯ ಕರಿಯಂಗಿ ಫ್ಯಾಸಿಸ್ಟರು ಯಹೂದಿಗಳ ಕೇರಿಗೆ ಮೆರವಣಿಗೆ ಹೊರಟರು. ದಾರಿ ತೆರವು ಮಾಡಲು ಸಾವಿರಾರು ಪೊಲೀಸರಿದ್ದರು. ಯಹೂದಿಗಳ ಜೊತೆ ಹಡಗುಕಟ್ಟೆಯ ಐರಿಶ್ ಕೂಲಿಗಳೂ ರಸ್ತೆಗೆ ಅಡ್ಡಗಟ್ಟೆ ಹಾಕಿ ನಿಂತರು. 1912ರ ಮುಷ್ಕರದಲ್ಲಿ ಹಸಿದಿದ್ದ ಕೂಲಿಗಳ ಮಕ್ಕಳನ್ನು ಯಹೂದಿ ಮನೆಗಳು ಸಾಕಿದ್ದವು. ಆ ಋಣ ಮರೆತಿರಲಿಲ್ಲ. ಮೆರವಣಿಗೆ ಹಿಂದಿರುಗಬೇಕಾಯಿತು.

ಮರುವಾರವೇ ಮೈಲ್ ಎಂಡ್‌ನಲ್ಲಿ ಯಹೂದಿ ಅಂಗಡಿಗಳ ಗಾಜು ಒಡೆದರು. ದ್ವೇಷ ಒಂದೇ ದಿನಕ್ಕೆ ಸೋಲುವುದಿಲ್ಲ, ನಿಜ. ಆದರೆ ಅಡ್ಡ ನಿಲ್ಲುವ ಧೈರ್ಯ ಆ ದಿನ ಹುಟ್ಟಿದ್ದಲ್ಲ. 24 ವರ್ಷ ಹಿಂದೆ ಹಾಕಿದ ಊಟದಲ್ಲಿತ್ತು.

ದರ್ಜಿಯ ಖೋಲಿಯಲ್ಲಿ ನಾನು ಒಂದು ಲೋಟ ಚಹಾ ಕೂಡ ಕುಡಿದಿರಲಿಲ್ಲ.