ಅಡುಗೆಮನೆ ಚರಿತ್ರೆ: ಮೊದಲ ಬ್ರೆಡ್ಡು, 1857ರ ಲಂಡನ್ನು ಮತ್ತು ಒಂದು ಹಿಡಿ ಸೊಪ್ಪು

(1/7)
1857 ಅಂದ ಕೂಡಲೇ ನಮಗೆ ನೆನಪಾಗೋದು ಮೀರತ್ತು, ದಿಲ್ಲಿ, ಝಾನ್ಸಿ. ಅದೇ ವರ್ಷ ಲಂಡನ್ನಿನಲ್ಲಿ ಇನ್ನೊಂದು ಜಗಳ ನಡೀತಿತ್ತು, ಬ್ರೆಡ್ಡಿನ ಬಗ್ಗೆ. ಅಂಗಡಿಯ ಬ್ರೆಡ್ಡನ್ನು ನಂಬಬಹುದಾ, ಇಲ್ಲಾ ಮನೆಯಲ್ಲೇ ಮಾಡ್ಕೋಬೇಕಾ ಅಂತ.

ಮೊದಲ ಸಲ ಮನೆಯಲ್ಲಿ ಸೊಪ್ಪು ಹಾಕಿದ ಹರ್ಬ್ ಬ್ರೆಡ್ ಮಾಡೋಣ ಅಂತ ಹೊರಟವರು ಹಿಟ್ಟು, ಯೀಸ್ಟು, ಅಳತೆ ಕಪ್ಪು, ಸೊಪ್ಪು ಎಲ್ಲಾ ಕಟ್ಟೆ ಮೇಲೆ ಜೋಡಿಸ್ಕೋತಾರಲ್ಲ, ಅದರಲ್ಲಿ ಒಂದೊಂದಕ್ಕೂ ಒಂದೊಂದು ಕಥೆ ಇದೆ. ಈ ಕಂತಿನಲ್ಲಿ ಅವನ್ನು ಒಂದೊಂದಾಗಿ ನೋಡೋಣ. ಸ್ವೈಪ್ ಮಾಡ್ತಾ ಹೋಗಿ.

(2/7) ಹಿಟ್ಟು
ಕ್ಷೌರದಂಗಡಿಯಲ್ಲಿ ಗಡ್ಡ ತೆಗೆದ ಮೇಲೆ ಕೆನ್ನೆಗೆ ಉಜ್ಜುತ್ತಿದ್ದ ಪಟಿಕ ಗೊತ್ತಲ್ವಾ? ಅದನ್ನೇ ಲಂಡನ್ ಬೇಕರಿಗಳು ಬ್ರೆಡ್ಡಿನ ಹಿಟ್ಟಿಗೆ ಬೆರೆಸುತ್ತಿದ್ದವು. ಕಳಪೆ ಹಿಟ್ಟು ಬೆಳ್ಳಗೆ ಕಾಣುತ್ತೆ, ಹೆಚ್ಚು ನೀರು ಹಿಡಿಯುತ್ತೆ, ಬ್ರೆಡ್ಡು ದಪ್ಪಗೆ ನಿಲ್ಲುತ್ತೆ. ಗಿರಾಕಿಗೂ ಬೆಳ್ಳನೆಯ ಬ್ರೆಡ್ಡೇ ಬೇಕಿತ್ತು.

1820ರಲ್ಲಿ ಫ್ರೆಡರಿಕ್ ಆಕ್ಕಮ್ ಅನ್ನೋ ರಸಾಯನಶಾಸ್ತ್ರಜ್ಞ ಆಹಾರದ ಕಲಬೆರಕೆ ಬಗ್ಗೆ ಪುಸ್ತಕವನ್ನೇ ಬರೆದ. 1850ರ ದಶಕದ ಮೊದಲ ವರ್ಷಗಳಲ್ಲಿ ವೈದ್ಯ ಆರ್ಥರ್ ಹಿಲ್ ಹಾಸಲ್ ಸೂಕ್ಷ್ಮದರ್ಶಕ ಹಿಡಿದು ಕೂತು, ಪರೀಕ್ಷೆಯ ಫಲಿತಾಂಶವನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಸಾಲಾಗಿ ಪ್ರಕಟಿಸಿದ. 1857ರಲ್ಲಿ ಅದೇ ಪತ್ರಿಕೆಯಲ್ಲಿ ಜಾನ್ ಸ್ನೋ ಬರೆದ. ಹೌದು, ಕಾಲರಾ ಹರಡೋದು ಕೊಳಕು ನೀರಿನಿಂದ ಅಂತ ತೋರಿಸಿದ ಅದೇ ಸ್ನೋ. ಲಂಡನ್ನಿನ ಮಕ್ಕಳ ಕಾಲು ಸೊಟ್ಟಗಾಗುವ ರಿಕೆಟ್ಸ್ ಕಾಯಿಲೆಗೆ ಬ್ರೆಡ್ಡಿನ ಪಟಿಕವೇ ಕಾರಣ ಇರಬಹುದು ಅನ್ನೋದು ಅವನ ವಾದ. ಬ್ರೆಡ್ಡನ್ನು ಮನೆಯಲ್ಲೇ ಸುಡುವ ಉತ್ತರ ಇಂಗ್ಲೆಂಡಿನಲ್ಲಿ ಈ ಕಾಯಿಲೆ ಕಮ್ಮಿ ಅಂತ ಅವನು ಗಮನಿಸಿದ್ದ. ರಿಕೆಟ್ಸಿಗೆ ಮುಖ್ಯ ಕಾರಣ ಬಿಸಿಲು ಮತ್ತು ವಿಟಮಿನ್ ಡಿ ಕೊರತೆ ಅಂತ ತಿಳಿದಿದ್ದು 20ನೇ ಶತಮಾನದಲ್ಲಿ. ಉತ್ತರ ಪೂರ್ತಿ ಸರಿ ಇರಲಿಲ್ಲ, ಆದ್ರೆ ಕೇಳಿದ ಪ್ರಶ್ನೆ ಮಾತ್ರ ಸರಿಯಾಗಿತ್ತು.

(3/7) ಅಳತೆ
ಅದೇ 1857ರಲ್ಲಿ ಎಲೈಜಾ ಆಕ್ಟನ್ ಅನ್ನೋ ಹೆಂಗಸು 'ದಿ ಇಂಗ್ಲಿಷ್ ಬ್ರೆಡ್ ಬುಕ್' ಹೊರತಂದರು. ಬೇಕರಿಯವರಿಗಲ್ಲ, ಮನೆಯವರಿಗೆ ಅಂತಲೇ ಬರೆದ ಪುಸ್ತಕ. ಕಲಬೆರಕೆಯಿಂದ ಪಾರಾಗಬೇಕಾದ್ರೆ ಬ್ರೆಡ್ ಮಾಡೋದನ್ನ ಕಲೀರಿ ಅನ್ನೋದು ಅದರ ತಾತ್ಪರ್ಯ.

ಆಕ್ಟನ್ ಮೊದಲು ಕವಿತೆ ಬರೀತಿದ್ದವರು, 1826ರಲ್ಲಿ ಸಂಕಲನವೂ ಬಂದಿತ್ತು. 1845ರ ಅವರ ಅಡುಗೆ ಪುಸ್ತಕದಲ್ಲಿ ಒಂದು ಹೊಸತನ ಇತ್ತು: ಯಾವ ಸಾಮಾನು, ಎಷ್ಟು, ಎಷ್ಟು ಹೊತ್ತು ಅಂತ ಪ್ರತಿ ಅಡುಗೆಗೂ ಬೇರೆಯಾಗಿ ಪಟ್ಟಿ ಕೊಟ್ಟರು. ಅಲ್ಲಿಯವರೆಗೆ ಹೆಚ್ಚಿನ ಪುಸ್ತಕಗಳು ನಮ್ಮ ಅಜ್ಜಿಯರ ಥರ, 'ಬೇಕಾದಷ್ಟು ಹಾಕು, ಹದ ನೋಡ್ಕೋ'. ಹದ ಗೊತ್ತಿದ್ದವರಿಗೆ ಅದು ಸಾಕು. ಗೊತ್ತಿಲ್ಲದವರಿಗೆ ಅಲ್ಲೇ ಬಾಗಿಲು ಮುಚ್ಚಿದ ಹಾಗೆ. ಆ ಬಾಗಿಲು ತೆಗೆದವರಲ್ಲಿ ಆಕ್ಟನ್ ಮೊದಲಿಗರು. 1859ರಲ್ಲಿ ತೀರಿಕೊಂಡರು. ಎರಡು ವರ್ಷ ಆದ ಮೇಲೆ ಬಂದ ಮಿಸೆಸ್ ಬೀಟನ್ ಪುಸ್ತಕ ಅವರ ಎಷ್ಟೋ ಅಡುಗೆಗಳನ್ನು ಎತ್ತಿಕೊಂಡಿತು. ಹೆಸರು ಉಳಿದಿದ್ದು ಬೀಟನ್ ಅವರದು.

(4/7) ಯೀಸ್ಟ್
ಆಕ್ಟನ್ ಕಾಲದ ಗೃಹಿಣಿಗೆ ಪೊಟ್ಟಣದ ಯೀಸ್ಟ್ ಎಲ್ಲಿಂದ ಬರಬೇಕು? ಬಿಯರ್ ಮಾಡೋ ಕಡೆಯಿಂದ ನೊರೆ ತರಬೇಕಿತ್ತು. ಅದು ಕಹಿ. ನೀರಿನಲ್ಲಿ ಮತ್ತೆ ಮತ್ತೆ ತೊಳೆದು ಕಹಿ ತೆಗೆಯೋದು ಹೇಗೆ ಅಂತಲೂ ಅವರ ಅಡುಗೆ ಪುಸ್ತಕದಲ್ಲಿದೆ. ಒಂದು ದಿನ ಉಕ್ಕುತ್ತೆ, ಇನ್ನೊಂದು ದಿನ ಸುಮ್ಮನೆ ಮಲಗುತ್ತೆ.

ಯಾಕೆ ಹೀಗೆ? ಉತ್ತರದ ಮೊದಲ ತುಂಡು ಬಂದಿದ್ದೂ 1857ರಲ್ಲೇ. ಫ್ರಾನ್ಸಿನ ಲಿಲ್ ಊರಿನಲ್ಲಿ ಲೂಯಿ ಪಾಶ್ಚರ್, ಹುಳಿ ಬರೋದು ಬರೀ ರಾಸಾಯನಿಕ ಕ್ರಿಯೆ ಅಲ್ಲ, ಜೀವಿಗಳ ಕೆಲಸ ಅಂತ ಪ್ರಬಂಧ ಓದಿದ. 1868ರಲ್ಲಿ ಅಮೆರಿಕದಲ್ಲಿ ಫ್ಲೈಷ್‌ಮನ್ ಸೋದರರು ಅದುಮಿದ ಯೀಸ್ಟ್ ತಯಾರಿಸೋಕೆ ಶುರು ಮಾಡಿದರು. ಎರಡನೇ ಮಹಾಯುದ್ಧದಲ್ಲಿ ಸೈನ್ಯಕ್ಕೆ ಅಂತ, ತಂಪು ಪೆಟ್ಟಿಗೆ ಬೇಡದ ಒಣ ಯೀಸ್ಟ್ ಬಂತು. ಇವತ್ತು ನೀವು ಕತ್ತರಿಸೋ ಪುಟ್ಟ ಪೊಟ್ಟಣದ ಹಿಂದೆ ಇಷ್ಟು ದಾರಿ ಇದೆ. ಅದು ಇನ್ನೂ ಜೀವ ಇರೋ ವಸ್ತು, ಮರೀಬೇಡಿ. ನೀರು ಉಗುರುಬೆಚ್ಚಗಿದ್ರೆ ಏಳುತ್ತೆ, ಕುದಿಯೋ ನೀರು ಹುಯ್ದರೆ ಸಾಯುತ್ತೆ.

(5/7) ಒಲೆ
ಆಕ್ಟನ್ ಹೇಳಿದ್ದು ಸರಿ, ಆದ್ರೆ ಲಂಡನ್ನಿನ ಬಡವರ ಬಾಡಿಗೆ ಕೋಣೆಯಲ್ಲಿ ಅವನ್ ಎಲ್ಲಿತ್ತು? ಉರುವಲು ದುಬಾರಿ, ಜಾಗ ಇಲ್ಲ, ಪುರುಸೊತ್ತು ಮೊದಲೇ ಇಲ್ಲ. ಉತ್ತರದಲ್ಲಿ ಮನೆ ಬ್ರೆಡ್ಡು ಉಳಿದಿದ್ದಕ್ಕೆ ಅಲ್ಲಿನ ಅಗ್ಗದ ಕಲ್ಲಿದ್ದಲು ಒಂದು ಕಾರಣ. ಶುದ್ಧ ಬ್ರೆಡ್ಡು ತಿನ್ನೋದು ಬರೀ ಕಲಿಯೋ ಮನಸ್ಸಿನ ವಿಷಯ ಅಲ್ಲ, ಒಲೆ ಯಾರ ಮನೆಯಲ್ಲಿದೆ ಅನ್ನೋದೂ ಮುಖ್ಯ.

ಇನ್ನು ಬೇಕರಿಯ ಒಳಗೆ? 1862ರ ಸರ್ಕಾರಿ ವರದಿ ತೆಗೆದರೆ, ರಾತ್ರಿ ಹನ್ನೊಂದಕ್ಕೆ ಹಿಟ್ಟಿಗೆ ಕೈ ಹಾಕಿದ ಆಳು ಮರುದಿನ ಹಗಲಾದರೂ ಬಿಡುವಿಲ್ಲದೆ ದುಡೀತಿದ್ದ. ಮಾರ್ಕ್ಸ್ ತನ್ನ 'ಕ್ಯಾಪಿಟಲ್' ಪುಸ್ತಕದಲ್ಲಿ ಇದೇ ವರದಿಯನ್ನು ಬಳಸಿಕೊಂಡಿದ್ದಾನೆ. 1863ರ ಕಾಯ್ದೆ ಬಂದ ಮೇಲೆ, 18 ವರ್ಷದೊಳಗಿನ ಹುಡುಗರನ್ನು ರಾತ್ರಿ 9ರಿಂದ ಬೆಳಗ್ಗೆ 5ರವರೆಗೆ ದುಡಿಸೋ ಹಾಗಿಲ್ಲ ಅಂತಾಯ್ತು. ದೊಡ್ಡವರ ರಾತ್ರಿಗಳು ಹಾಗೇ ಉಳಿದವು.

(6/7) ಸೊಪ್ಪು
ಬ್ರೆಡ್ಡಿಗೆ ಸೊಪ್ಪು ಸೇರಿಸೋದು ಹೊಸ ಶೋಕಿ ಅಲ್ಲ. ಕ್ರಿ.ಪೂ. 160ರ ಸುಮಾರಿಗೆ ರೋಮಿನ ಕೇಟೋ ಬರೆದ ಬೇಸಾಯದ ಪುಸ್ತಕದಲ್ಲಿ ಒಂದು ರೊಟ್ಟಿ ಇದೆ: ಹಿಟ್ಟು, ದ್ರಾಕ್ಷಿ ರಸ, ಸೋಂಪಿನಂಥ ಕಾಳು, ಜೀರಿಗೆ, ಕೊಬ್ಬು, ಗಿಣ್ಣು, ಹೆರೆದ ಬೇ ಮರದ ಕಡ್ಡಿ. ಸುಡುವಾಗ ಅಡಿಗೆ ಬೇ ಎಲೆ ಹಾಸಬೇಕು. ಬೇ ಅಂದ್ರೆ ನಮ್ಮ ಪಲಾವ್ ಎಲೆ ಅಲ್ಲ, ಅದರ ದೂರದ ನೆಂಟ. ಬಾಳೆ ಎಲೆ, ಅರಿಶಿನ ಎಲೆ ಮೇಲೆ ಕಡುಬು ಬೇಯಿಸೋ ನಮಗೆ ಇದು ಬಿಡಿಸಿ ಹೇಳಬೇಕಾದ ಉಪಾಯವೇ ಅಲ್ಲ. ಅದೇ ಪುಸ್ತಕದ ಸಾದಾ ಬ್ರೆಡ್ಡಿನ ಪಾಠ ಶುರುವಾಗೋದು ಕೈ ತೊಳ್ಕೊಳ್ಳಿ ಅನ್ನೋದರಿಂದ! ಹೊಸಬರಿಗೆ ಇದಕ್ಕಿಂತ ಒಳ್ಳೇ ಮೊದಲ ಸಾಲು ಬೇಕಾ?

ಇಟಲಿಯ ಫೊಕಾಚಿಯಾ ಅನ್ನೋ ಹೆಸರು ಬಂದಿದ್ದೂ ಲ್ಯಾಟಿನ್‌ನ 'ಒಲೆ' ಅನ್ನೋ ಪದದಿಂದ. ಇನ್ನು ನಮ್ಮ ಅಯ್ಯಂಗಾರ್ ಬೇಕರಿಯ ಖಾರ ಬನ್ನು? ಹಸಿಮೆಣಸಿನಕಾಯಿ, ಈರುಳ್ಳಿ, ಕೊತ್ತಂಬರಿ, ಕರಿಬೇವು. ಹರ್ಬ್ ಬ್ರೆಡ್ ಅಂತ ಬೋರ್ಡ್ ಹಾಕಿಲ್ಲ ಅಷ್ಟೇ.

(7/7) ಈಗ ನಿಮ್ಮ ಸರದಿ
ಇದೆಲ್ಲ ಹಳೇ ಕಥೆ ಅನ್ನಿಸ್ತಾ? 2016ರ ಮೇ ತಿಂಗಳಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಬ್ರೆಡ್ಡು, ಬನ್ನು, ಪಾವ್‌ಗಳ ಮಾದರಿ ಪರೀಕ್ಷಿಸಿತು. ಬಹುಪಾಲು ಮಾದರಿಗಳಲ್ಲಿ ಪೊಟ್ಯಾಸಿಯಂ ಬ್ರೋಮೇಟ್ ಅಥವಾ ಅಯೋಡೇಟ್ ಸಿಕ್ಕಿತು. ಜೂನ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಬ್ರೋಮೇಟನ್ನು ಅನುಮತಿ ಪಟ್ಟಿಯಿಂದ ತೆಗೆದುಹಾಕಿತು. ಪಟಿಕದ ಕಥೆಯ ಥರವೇ: ಪರೀಕ್ಷೆ, ಗಲಾಟೆ, ಆಮೇಲೆ ಕಾನೂನು.

ಹಾಗಂತ ಎಲ್ಲರೂ ಬೇಕರಿ ಬಿಟ್ಟುಬಿಡಿ ಅಂತಲ್ಲ. ಒಂದು ಸಲ ಕೈಯಾರೆ ಮಾಡಿ ನೋಡಿದರೆ, ಬ್ರೆಡ್ಡಿಗೆ ನಿಜವಾಗಿ ಎಷ್ಟು ಕಮ್ಮಿ ಸಾಮಾನು ಸಾಕು ಅಂತ ಗೊತ್ತಾಗುತ್ತೆ. ಆಮೇಲೆ ಅಂಗಡಿಯ ಪ್ಯಾಕೆಟ್ಟಿನ ಹಿಂಬದಿ ಓದೋ ರೀತಿಯೇ ಬೇರೆ.

ಆಕ್ಟನ್ ಅವರ ಮರ್ಯಾದೆಗೆ ಪಟ್ಟಿ ಕೊಡಲೇಬೇಕು: ಮೈದಾ 500 ಗ್ರಾಂ, ನೀರು ಸುಮಾರು 310 ಮಿ.ಲೀ., ಉಪ್ಪು 9 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 5 ಗ್ರಾಂ, ಎಣ್ಣೆ 2 ಚಮಚ, ತೊಳೆದು ಚೆನ್ನಾಗಿ ಒರೆಸಿ ಹೆಚ್ಚಿದ ಸೊಪ್ಪು ಒಂದು ಹಿಡಿ. ಹತ್ತು ನಿಮಿಷ ನಾದಿ. ಎರಡರಷ್ಟು ಉಬ್ಬಲಿ. ಆಕಾರ ಕೊಟ್ಟು ಇನ್ನೊಮ್ಮೆ ಉಬ್ಬಿಸಿ. 200 ಡಿಗ್ರಿಯಲ್ಲಿ 35 ನಿಮಿಷ. ತಳ ತಟ್ಟಿದರೆ ಟೊಳ್ಳು ಸದ್ದು ಬರಬೇಕು.

ಗಡಿಯಾರಕ್ಕಿಂತ ಹಿಟ್ಟನ್ನು ನೋಡಿ. ರಾತ್ರಿ ದೋಸೆ ಹಿಟ್ಟು ಉಕ್ಕಿದ್ಯಾ ಅಂತ ಮುಚ್ಚಳ ತೆಗೆದು ನೋಡೋ ಮನೆಯಲ್ಲಿ ಬೆಳೆದವರು ಈ ಕೆಲಸಕ್ಕೆ ಪೂರ್ತಿ ಹೊಸಬರೇನಲ್ಲ.

ನಿಮ್ಮ ಬ್ರೆಡ್ಡಿಗೆ ಯಾವ ಸೊಪ್ಪು? ಸಬ್ಬಸಿಗೆನಾ, ದೊಡ್ಡಪತ್ರೆನಾ? ಕೆಳಗೆ ಬರೀರಿ. ಮುಂದಿನ ಕಂತು: ಉಪ್ಪು.

#ಅಡುಗೆಮನೆಚರಿತ್ರೆ #ಬ್ರೆಡ್ಡಿನಕಥೆ #ಎಲೈಜಾಆಕ್ಟನ್ #ಖಾರಬನ್ #ಕನ್ನಡ