ಮಡಿವಾಳ ಹಕ್ಕಿ: ವಿಶಾಖಪಟ್ಟಣ, ವಿಜಯವಾಡದಲ್ಲೂ ಕೇಳುವ ಮುಂಜಾವಿನ ಹಾಡು, ಗುರುತಿಸುವುದು ಹೇಗೆ? ಗೂಡು ಕಟ್ಟುವುದೆಲ್ಲಿ?

ಬೇಸಿಗೆಯ ಬೆಳಗಿನ ಜಾವ, ಇನ್ನೂ ಕತ್ತಲಿರುವಾಗಲೇ ಮನೆಯ ಆಂಟೆನಾ ಮೇಲೋ ಮರದ ತುದಿಯಲ್ಲೋ ಕುಳಿತು ಸಿಳ್ಳೆಯಂತೆ ಹಾಡುವ ಹಕ್ಕಿಯ ದನಿ ಕೇಳಿದ್ದೀರಾ? ಅದು ಬಹುತೇಕ ಮಡಿವಾಳ ಹಕ್ಕಿ ಇರಬಹುದು. ಇಂಗ್ಲಿಷ್‌ನಲ್ಲಿ ಇದರ ಹೆಸರು ಓರಿಯೆಂಟಲ್ ಮ್ಯಾಗ್‌ಪೈ ರಾಬಿನ್. ಕರ್ನಾಟಕದ ತೋಟಗಳಲ್ಲಿ ಕಾಣುವ ಇದೇ ಹಕ್ಕಿ ಆಂಧ್ರಪ್ರದೇಶದ ವಿಶಾಖಪಟ್ಟಣ ಮತ್ತು ವಿಜಯವಾಡದಲ್ಲೂ ಇದೆ. ನೆರೆಯ ಬಾಂಗ್ಲಾದೇಶಕ್ಕಂತೂ ಇದು ರಾಷ್ಟ್ರಪಕ್ಷಿ. ಅಲ್ಲಿ ಇದನ್ನು ದೋಯೆಲ್ ಎನ್ನುತ್ತಾರೆ.

ಗುರುತಿಸುವುದು ಹೇಗೆ?

ಬಾಲ ಸೇರಿ ಹಕ್ಕಿಯ ಉದ್ದ ಸುಮಾರು 19 ಸೆಂ.ಮೀ. ಗಂಡಿನ ತಲೆ, ಎದೆ ಮತ್ತು ಬೆನ್ನು ಹೊಳೆಯುವ ಕಪ್ಪು, ಹೊಟ್ಟೆ ಅಚ್ಚ ಬಿಳಿ. ರೆಕ್ಕೆಯ ಮೇಲೆ ಬಿಳಿ ಪಟ್ಟಿ ಇರುತ್ತದೆ. ಹೆಣ್ಣಿನಲ್ಲಿ ಕಪ್ಪಿನ ಜಾಗದಲ್ಲಿ ಬೂದು ಬಣ್ಣ. ಉದ್ದನೆಯ ಬಾಲವನ್ನು ಆಗಾಗ ನೆಟ್ಟಗೆ ಎತ್ತಿ ಹಿಡಿಯುವುದು ಇದರ ರೂಢಿ. ಇಂಡಿಯನ್ ರಾಬಿನ್ ಕೂಡ ಬಾಲ ಎತ್ತುತ್ತದೆ. ಆದರೆ ಅದರ ಹೊಟ್ಟೆ ಬಿಳಿಯಲ್ಲ, ಬಾಲದ ಬುಡದ ಕೆಳಗೆ ಇಟ್ಟಿಗೆ ಬಣ್ಣವಿರುತ್ತದೆ.

ಎಲ್ಲಿ ನೋಡಬಹುದು?

ವಿಶಾಖಪಟ್ಟಣದಲ್ಲಿ ಕಂಬಾಲಕೊಂಡ ಅರಣ್ಯದ ಅಂಚು, ಸಿಂಹಾಚಲಂ ಬೆಟ್ಟದ ಸುತ್ತಲಿನಂತಹ ನೆರಳಿನ ಜಾಗಗಳು ಇದಕ್ಕೆ ಇಷ್ಟ. ವಿಜಯವಾಡದಲ್ಲಿ ಕೃಷ್ಣಾ ನದಿ ದಂಡೆಯ ತೋಟಗಳು, ಹಳೆಯ ಬಡಾವಣೆಗಳ ಮಾವು, ಬೇವಿನ ಮರಗಳತ್ತ ಕಣ್ಣು ಹಾಯಿಸಿ. ಸೂರ್ಯೋದಯಕ್ಕೆ ಮುನ್ನ ಮತ್ತು ಸಂಜೆಗತ್ತಲು ಸೂಕ್ತ ಸಮಯ. ನೆಲದ ಮೇಲಿನ ಹುಳ-ಹುಪ್ಪಟೆಯೇ ಇದರ ಮುಖ್ಯ ಆಹಾರ.

ಗೂಡು, ಮೊಟ್ಟೆ, ಮರಿ

ಭಾರತದಲ್ಲಿ ಮುಖ್ಯವಾಗಿ ಮಾರ್ಚ್‌ನಿಂದ ಜುಲೈವರೆಗೆ ಸಂತಾನೋತ್ಪತ್ತಿ ಕಾಲ. ಗಂಡು ಬಾಲ ಬಿಚ್ಚಿ, ಹಾಡಿ ಹೆಣ್ಣನ್ನು ಒಲಿಸುತ್ತದೆ. ತನ್ನ ಸರಹದ್ದಿಗೆ ಬಂದ ಬೇರೆ ಗಂಡನ್ನು ಅಟ್ಟುತ್ತದೆ. ಮರದ ಪೊಟರೆ, ಗೋಡೆಯ ಸಂದು, ಕೆಲವೊಮ್ಮೆ ಮನುಷ್ಯರು ಇಟ್ಟ ಗೂಡುಪೆಟ್ಟಿಗೆಯೂ ಇದಕ್ಕೆ ಮನೆ. ಹುಲ್ಲು, ಬೇರಿನ ಎಳೆ ತಂದು ಹಾಸುವ ಕೆಲಸ ಹೆಚ್ಚಾಗಿ ಹೆಣ್ಣಿನದು. ದಿನಕ್ಕೊಂದರಂತೆ 4ರಿಂದ 5 ಮೊಟ್ಟೆ ಇಡುತ್ತದೆ. ಮೊಟ್ಟೆ ತಿಳಿ ನೀಲಿ-ಹಸಿರು, ಮೇಲೆ ಕಂದು ಚುಕ್ಕೆ. ಕಾವು ಕೂರುವುದು ಹೆಣ್ಣು ಮಾತ್ರ. 8ರಿಂದ 14 ದಿನಗಳಲ್ಲಿ ಮರಿ ಹೊರಬರುತ್ತದೆ.

ಪೊಟರೆಯೇ ಇಲ್ಲದಿದ್ದರೆ?

ಮಡಿವಾಳ ಹಕ್ಕಿಗೆ ಮರಕುಟಿಗದಂತೆ ಮರ ಕೊರೆಯಲು ಬರುವುದಿಲ್ಲ. ಸಿದ್ಧ ಪೊಟರೆಯೇ ಬೇಕು. ಅಂತಹ ಪೊಟರೆ ಇರುವುದು ಹಳೆಯ ಮರಗಳಲ್ಲಿ. 2014ರ ಅಕ್ಟೋಬರ್ 12ರಂದು ಅಪ್ಪಳಿಸಿದ ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣದಲ್ಲಿ ಅಪಾರ ಸಂಖ್ಯೆಯ ಮರಗಳನ್ನು ಉರುಳಿಸಿತ್ತು. ಸಸಿ ನೆಟ್ಟರೆ ಕೆಲವೇ ವರ್ಷಗಳಲ್ಲಿ ಹಸಿರು ಮರಳುತ್ತದೆ, ಪೊಟರೆ ಮೂಡಲು ದಶಕಗಳೇ ಬೇಕು. ರಸ್ತೆ ಅಗಲೀಕರಣದಲ್ಲಿ ಹಳೆಯ ಮರ ಕಡಿದು ಬದಲಿಗೆ ಸಸಿ ನೆಡುವ ಎಲ್ಲ ಊರುಗಳಿಗೂ ಈ ಲೆಕ್ಕ ಅನ್ವಯ. ಹಾಗಾಗಿ ಅಪಾಯವಿಲ್ಲದ ಹಳೆಯ ಮರವನ್ನು ಉಳಿಸಿಕೊಳ್ಳುವುದೇ ಜಾಣತನ.

ನೋಡುವವರು ಗಮನಿಸಿ

* ಗೂಡಿನಿಂದ ದೂರವಿದ್ದು ಬೈನಾಕ್ಯುಲರ್‌ನಲ್ಲಿ ನೋಡಿ. ಪೊಟರೆಯೊಳಗೆ ಮೊಬೈಲ್ ಬೆಳಕು ಹಾಯಿಸಬೇಡಿ.
* ಮೊಬೈಲ್‌ನಲ್ಲಿ ಹಕ್ಕಿಯ ಕೂಗು ಹಾಕಬೇಡಿ. ಎದುರಾಳಿ ಬಂದನೆಂದು ಗಂಡು ವೃಥಾ ದಣಿಯುತ್ತದೆ.
* ಗೂಡುಪೆಟ್ಟಿಗೆ ಇಡುವುದಾದರೆ ಮಧ್ಯಾಹ್ನದ ಬಿಸಿಲು ಬೀಳದ, ಬೆಕ್ಕಿಗೆ ಎಟುಕದ ಜಾಗ ಆರಿಸಿ.
* ಹಾಡಿನ ಆಸೆಗೆ ಇದನ್ನು ಹಿಡಿದು ಪಂಜರಕ್ಕೆ ಹಾಕುವುದು, ಗೂಡು ಅಥವಾ ಮೊಟ್ಟೆ ಹಾಳುಮಾಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.